ಮಗಳ ಭಾವಚಿತ್ರಕ್ಕೆ ಯಾವ ಛಾಯಾಚಿತ್ರ?

ಕಳೆದ ಬೇಸಿಗೆಯ ರಜೆಯಲ್ಲಿ ನಾನು ನನ್ನ ಆರು ವರ್ಷದ ಮಗಳ ಭಾವಚಿತ್ರವನ್ನು ಜಲವರ್ಣದಲ್ಲಿ ಬರೆದೆನು. ಚಿತ್ರಕಲೆ ನನ್ನ ವೃತ್ತಿಯಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿ ಉಳಿದ ವೇಳೆಯಲ್ಲಿ ಕುಂಚ ಹಿಡಿಯುವ ಹವ್ಯಾಸಿಗಳ ಪೈಕಿ ನಾನೊಬ್ಬ. ಮಗುವನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದು ಆಗದ ಮಾತು. ಐದು ನಿಮಿಷ ಅಲುಗದೆ ಕುಳಿತ ಆರು ವರ್ಷದ ಮಗುವನ್ನು ನಾನಂತೂ ಕಂಡಿಲ್ಲ. ಆದುದರಿಂದ ಒಂದು ಫೋಟೋವನ್ನು ಆರಿಸಿ, ಅದರ ಮೇಲೂ ನನ್ನ ಕಾಗದದ ಮೇಲೂ ಚೌಕಗಳನ್ನೆಳೆದು, ಒಂದೊಂದು ಚೌಕದಲ್ಲಿ ಕಂಡುದನ್ನು ಅದರದರ ಸ್ಥಾನಕ್ಕೆ ಇಳಿಸಿದೆನು. ಭಾಗ್ಯನಗರದ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಇನ್ನೂ ನಿಂತಿಲ್ಲ. ಸೀರೆಯ ಅಂಚಿನ ಹೂಬಳ್ಳಿಯನ್ನು ಮೊದಲು ಚೌಕದ ಕಾಗದದ ಮೇಲೆ ಗುರುತಿಸಿಕೊಂಡು ಅನಂತರ ನೂಲಿಗೆ ಇಳಿಸುವುದನ್ನು ಚಿಕ್ಕಂದಿನಿಂದ ನೋಡಿದವನಿಗೆ ಈ ಉಪಾಯ ಹೊಸದೇನಲ್ಲ.

ಹದಿನೈದು ದಿವಸಗಳ ಶ್ರಮ ಮುಗಿದ ಮೇಲೆ ಚಿತ್ರವನ್ನು ನನ್ನ ತಾಯಿಯ ಮುಂದೆ ಹಿಡಿದೆನು. ಅವಳು ಬಹಳ ಹೊತ್ತು ನೋಡಿ, "ಭಾಳ ಚಂದ ಬರದೀ ತಮ್ಮಾ, ಖರೆ. ಆದ್ರ ಇದು ನಮ್ಮ ಕೂಸಲ್ಲ. ಬ್ಯಾರೆ ಯಾರ್ದೋ ಮಾರಿ" ಎಂದಳು.

ನಾನು ಅಳತೆಪಟ್ಟಿ ತಂದು ಪರೀಕ್ಷಿಸಿದೆನು. ಕಣ್ಣಿನಿಂದ ಕಣ್ಣಿಗೆ, ಮೂಗಿನಿಂದ ಗಲ್ಲಕ್ಕೆ, ಎಲ್ಲಿಯೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ತಪ್ಪಿರಲಿಲ್ಲ. ಚಿತ್ರವು ಫೋಟೋದ ನಿಷ್ಠೆಯುಳ್ಳ ಪ್ರತಿಯೇ ಆಗಿದ್ದಿತು. ಹಾಗಾದರೆ ತಪ್ಪು ಇದ್ದುದು ಫೋಟೋದಲ್ಲಿ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲವೆಂಬ ಮಾತನ್ನು ನಂಬಿದ್ದವನಿಗೆ ಇದು ಮುಜುಗರದ ಸಂಗತಿ. ಅದರಲ್ಲೂ ತರಗತಿಯಲ್ಲಿ ವರ್ಷವರ್ಷವೂ ಮಸೂರಗಳ ಪಾಠ ಹೇಳುವವನಿಗೆ.

ಆ ಫೋಟೋವನ್ನು ತೆಗೆದವಳು ನನ್ನ ಮಗಳೇ. ನನ್ನ ಫೋನನ್ನು ಕೈಯಲ್ಲಿ ಮುಂದಕ್ಕೆ ಹಿಡಿದು ತನ್ನ ಮುಖವನ್ನು ತಾನೇ ಸೆರೆಹಿಡಿದಿದ್ದಳು. ನಗು ಸೊಗಸಾಗಿದ್ದಿತೆಂದು ನಾನು ಅದನ್ನು ಆರಿಸಿದ್ದೆನು. ಆರು ವರ್ಷದ ಮಗುವಿನ ತೋಳು ಎಷ್ಟು ಉದ್ದವಿದ್ದೀತು? ಮೂಗಿನ ತುದಿಯಿಂದ ಕ್ಯಾಮೆರಾಕ್ಕೆ ಸುಮಾರು 35 ಸೆಂಟಿಮೀಟರ್. ಅವಳ ಮೂಗಿನ ತುದಿಗಿಂತ ಕಿವಿಯು ಸುಮಾರು 11 ಸೆಂಟಿಮೀಟರ್ ಹಿಂದಿದೆ. ಅಂದರೆ ಕಿವಿಯು ಕ್ಯಾಮೆರಾದಿಂದ 46 ಸೆಂಟಿಮೀಟರ್ ದೂರ. ವಸ್ತುವು ದೂರವಾದಷ್ಟೂ ಅದರ ಬಿಂಬವು ಅದೇ ಪ್ರಮಾಣದಲ್ಲಿ ಕಿರಿದಾಗುತ್ತದೆ. ಮೂಗನ್ನು 100 ಎಂಬ ಅಳತೆಯಲ್ಲಿ ಚಿತ್ರಿಸಿದ ಕ್ಯಾಮೆರಾವು ಕಿವಿಯನ್ನು 35ನ್ನು 46ರಿಂದ ಭಾಗಿಸಿದಷ್ಟು, ಎಂದರೆ 76ರ ಅಳತೆಯಲ್ಲಿ ಮಾತ್ರ ಚಿತ್ರಿಸುತ್ತದೆ. ಅದೇ ಕ್ಯಾಮೆರಾವನ್ನು 2 ಮೀಟರ್ ದೂರಕ್ಕೆ ಒಯ್ದರೆ ಈ ಲೆಕ್ಕ 200ಕ್ಕೆ 211. ಕಿವಿಯ ಅಳತೆ 95. ನನ್ನ ಚಿತ್ರದಲ್ಲಿ ಮೂಗು ಉಬ್ಬಿ, ಕೆನ್ನೆಗಳು ಹಿಂದಕ್ಕೆ ಸರಿದು, ಕಿವಿಗಳು ತಲೆಯ ಹಿಂದೆ ಅಡಗಿಕೊಂಡಂತೆ ಇದ್ದುದಕ್ಕೆ ಕಾರಣ ಇಷ್ಟೆ. ಅವ್ವ ಮೊಮ್ಮಗಳನ್ನು ನೋಡುವುದು ಅಂಗಳದಾಚೆಯಿಂದ, ಅಡುಗೆಮನೆಯ ಬಾಗಿಲಿನಿಂದ, ಎರಡು ಮೂರು ಮೀಟರ್ ದೂರದಿಂದ. ಅವಳಿಗೆ ಪರಿಚಿತವಾದ ಮುಖ ಆ ದೂರದ್ದು.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಮುಖವನ್ನು ವಿಕಾರಗೊಳಿಸುವುದು ಫೋನಿನ ಅಗಲನೋಟದ ಮಸೂರವೆಂದು ಅನೇಕರು ದೂರುತ್ತಾರೆ. ಮಸೂರದ ತಪ್ಪು ಇದರಲ್ಲಿ ಬಹಳ ಅಲ್ಪ. ಹತ್ತಿರದ ಭಾಗಕ್ಕೂ ದೂರದ ಭಾಗಕ್ಕೂ ಇರುವ ಪ್ರಮಾಣವನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಸ್ಥಳವೇ ಹೊರತು ಮಸೂರದ ನಾಭಿದೂರವಲ್ಲ. ಅಗಲನೋಟದ ಮಸೂರದಲ್ಲಿ ಮುಖವು ಚೌಕಟ್ಟನ್ನು ತುಂಬಬೇಕಾದರೆ ನಾವು ಹತ್ತಿರಕ್ಕೆ ಹೋಗಬೇಕಾಗುತ್ತದೆ. ಆ ಹತ್ತಿರಕ್ಕೆ ಹೋದುದೇ ಅನರ್ಥಕ್ಕೆ ಮೂಲ. ಅದೇ ಫೋನಿನಿಂದ 2 ಮೀಟರ್ ದೂರದಲ್ಲಿ ನಿಂತು ಫೋಟೋ ತೆಗೆದು, ಮುಖದ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿದರೆ, ಸ್ಟುಡಿಯೋದವರು ತಮ್ಮ ನೀಳವಾದ ಮಸೂರದಿಂದ ಅದೇ ಜಾಗದಲ್ಲಿ ನಿಂತು ತೆಗೆದ ಮುಖದ ಪ್ರಮಾಣಗಳೇ ದೊರೆಯುತ್ತವೆ. ಸೂಕ್ಷ್ಮ ವಿವರಗಳು ಕಡಿಮೆಯಾಗುತ್ತವೆ, ನಿಜ. ಆದರೆ ಮೂಗು ಮೂಗಿನಷ್ಟೇ ಇರುತ್ತದೆ.

ಎರಡನೆಯ ದೋಷವನ್ನು ಕಂಡುಹಿಡಿದವಳು ಮಗಳು. "ಅಪ್ಪಾ, ನನ್ನ ಮಚ್ಚಿ ಈ ಕಡೆ ಐತಲ್ಲ?" ಎಂದು ಎಡಗೆನ್ನೆಯನ್ನು ಮುಟ್ಟಿ ತೋರಿಸಿದಳು. ಚಿತ್ರದಲ್ಲಿ ಮಚ್ಚೆಯು ಬಲಗೆನ್ನೆಗೆ ಹಾರಿದ್ದಿತು. ಫೋನಿನ ಮುಂಬದಿಯ ಕ್ಯಾಮೆರಾ ಕನ್ನಡಿಯಂತೆ ವರ್ತಿಸುತ್ತದೆ. ಕೆಲವು ಫೋನುಗಳು ಆ ಕನ್ನಡಿಬಿಂಬವನ್ನೇ ಉಳಿಸಿಡುತ್ತವೆ. ಯಾರ ಮುಖವೂ ಎಡಬಲಗಳಲ್ಲಿ ಸಮನಾಗಿರುವುದಿಲ್ಲ. ತನ್ನ ಮುಖವನ್ನು ಕನ್ನಡಿಯಲ್ಲಿಯೇ ನೋಡಿ ಅಭ್ಯಾಸವಾದ ಮಗುವಿಗೆ ಆ ಫೋಟೋ ಚೆಂದ. ಎದುರಿನಿಂದ ನೋಡುವ ಅಜ್ಜಿಗೆ ಅದು ಅಪರಿಚಿತ. (ಮಗಳು ಇಂದಿಗೂ ಅದೇ ಫೋಟೋ ಒಳ್ಳೆಯದೆಂದು ವಾದಿಸುತ್ತಾಳೆ.)

ಮತ್ತೆ ಆರಿಸುವ ಕೆಲಸ ಮೊದಲಾಯಿತು. ನನ್ನ ಫೋನಿನಲ್ಲಿ ಅವಳ ಫೋಟೋಗಳು ಸಾವಿರಗಟ್ಟಲೆ ಇವೆ. ಛಾಯಾಚಿತ್ರಕಲೆಯ ಆದಿಯನ್ನು ನೆನೆದರೆ ಈ ಸಮೃದ್ಧಿ ನಗು ತರಿಸುತ್ತದೆ. 1833ರ ಅಕ್ಟೋಬರಿನಲ್ಲಿ ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬ ಆಂಗ್ಲ ವಿದ್ವಾಂಸನು ಕ್ಯಾಮೆರಾ ಲೂಸಿಡಾ ಎಂಬ ಪಟ್ಟಕದ ಉಪಕರಣದ ನೆರವಿನಿಂದ ದೃಶ್ಯವನ್ನು ಬರೆಯಲು ಹೆಣಗಿ ಸೋತನು. ಕೈಗೆ ಬಾರದ ಚಿತ್ರವನ್ನು ಬೆಳಕೇ ಕಾಗದದ ಮೇಲೆ ಬರೆಯಬಾರದೇಕೆಂಬ ಯೋಚನೆ ಅವನಿಗೆ ಬಂದುದು ಆಗ. ಚಿತ್ರ ಬರೆಯಲು ಬಾರದವನ ನಿರಾಶೆಯಿಂದ ಹುಟ್ಟಿದ ಕಲೆಯ ಬಳಿಗೆ ಇಂದು ಚಿತ್ರ ಬರೆಯುವವರೇ ಕೈಯೊಡ್ಡಿ ಹೋಗುತ್ತಿದ್ದೇವೆ!

ಮೊದಲ ಸುತ್ತಿನಲ್ಲಿ ಒಂದೂವರೆ ಮೀಟರಿಗಿಂತ ಹತ್ತಿರದಿಂದ ತೆಗೆದುವೆಲ್ಲವನ್ನೂ ಬಿಟ್ಟೆನು. ಎರಡನೆಯ ಸುತ್ತಿನಲ್ಲಿ ನಿಂತುಕೊಂಡು ತೆಗೆದುವು ಹೋದುವು. ಇದಕ್ಕೂ ಕಾರಣವಿದೆ. ನಾನು ನಿಂತಾಗ ಫೋನು ನೆಲದಿಂದ 155 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಅವಳ ಮುಖ 105ರಲ್ಲಿ. ನಡುವೆ ಒಂದು ಮೀಟರ್ ಅಂತರವಿದ್ದರೆ ಕ್ಯಾಮೆರಾವು 27 ಡಿಗ್ರಿಗಳಷ್ಟು ಕೆಳಕ್ಕೆ ಬಾಗಿ ನೋಡುತ್ತದೆ. ಹಣೆ ಹಿರಿದಾಗಿ ಗಲ್ಲ ಕಿರಿದಾಗುತ್ತದೆ.

ಮಕ್ಕಳ ವಿಷಯದಲ್ಲಿ ಈ ಹಣೆ ಗಲ್ಲಗಳ ಪ್ರಮಾಣಕ್ಕೆ ವಿಶೇಷ ಬೆಲೆಯಿದೆ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲುಭಾಗ. ಬೆಳೆದ ಮನುಷ್ಯನಲ್ಲಿ ಸುಮಾರು ಎಂಟನೆಯ ಒಂದು ಭಾಗ. ಕಣ್ಣುಗುಡ್ಡೆಯ ವ್ಯಾಸ ಹುಟ್ಟಿದಾಗಲೇ 16ರಿಂದ 17 ಮಿಲಿಮೀಟರ್ ಇದ್ದು, ಪ್ರಾಯದಲ್ಲಿ 24 ಮಿಲಿಮೀಟರಿಗೆ ನಿಲ್ಲುತ್ತದೆ. ಈ ಬೆಳವಣಿಗೆಯಲ್ಲಿ ಬಹುಪಾಲು ಮೊದಲ ಕೆಲವು ವರ್ಷಗಳಲ್ಲಿಯೇ ಮುಗಿಯುತ್ತದೆ. ದವಡೆಯಾದರೋ ಹಲ್ಲುಗಳು ಬಿದ್ದು ಹುಟ್ಟಿ, ಹದಿಹರೆಯ ದಾಟುವವರೆಗೂ ಬೆಳೆಯುತ್ತಲೇ ಇರುತ್ತದೆ. ಮಕ್ಕಳ ಕಣ್ಣು ದೊಡ್ಡದಾಗಿ ಕಾಣುವುದು ಇದರಿಂದಲೇ; ಕಣ್ಣು ದೊಡ್ಡದಲ್ಲ, ಅದರ ಸುತ್ತಣ ಮುಖ ಇನ್ನೂ ಚಿಕ್ಕದು. ದೊಡ್ಡವರ ತಲೆಯಲ್ಲಿ ಕಣ್ಣಿನ ರೇಖೆ ಸರಿಯಾಗಿ ನಡುವೆ ಬೀಳುತ್ತದೆ, ಮಕ್ಕಳಲ್ಲಿ ನಡುವಿಗಿಂತ ಕೆಳಗೆ. ಇದನ್ನರಿಯದೆ ಬರೆದ ಮಕ್ಕಳ ಚಿತ್ರಗಳು ಕುಳ್ಳಾದ ಹಿರಿಯರಂತೆ ಕಾಣುತ್ತವೆ. ಮೇಲಿನಿಂದ ತೆಗೆದ ಫೋಟೋ ಇದಕ್ಕೆ ವಿರುದ್ಧವಾದ ತಪ್ಪನ್ನು ಮಾಡಿ ಆರು ವರ್ಷದವಳನ್ನು ಮೂರು ವರ್ಷದವಳನ್ನಾಗಿಸುತ್ತದೆ. ಚಿತ್ರಕ್ಕೆ ಬೇಕಾದ ಫೋಟೋವನ್ನು ನೆಲದ ಮೇಲೆ ಕುಳಿತು, ಮಗುವಿನ ಕಣ್ಣಿನ ಮಟ್ಟದಲ್ಲಿ ತೆಗೆದಿರಬೇಕು.

ನಮ್ಮ ನೆರೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಗಳನ್ನು ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಕೂಡಿಸಿ ಬಣ್ಣ ಬಳಿಯುತ್ತಾರೆ. ಅಲ್ಲಿ ಎದುರಿಗೆ ಫೋಟೋ ಇಟ್ಟುಕೊಳ್ಳುವ ಗೊಡವೆಯಿಲ್ಲ. ಅಳತೆ ಪರಂಪರೆಯಿಂದ ಬಂದುದು. ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು ದೇವತಾಮೂರ್ತಿಗಳಿಗೆ ಒಂಬತ್ತು ಹತ್ತು ತಾಳಗಳನ್ನೂ, ಮಕ್ಕಳ ಮತ್ತು ಕುಬ್ಜರ ರೂಪಗಳಿಗೆ ನಾಲ್ಕೈದು ತಾಳಗಳನ್ನೂ ವಿಧಿಸಿದ್ದಾರೆ. ಅಂಗರಚನಾಶಾಸ್ತ್ರವು ಕೂಸಿನ ವಿಷಯದಲ್ಲಿ ಹೇಳುವ ಕಾಲುಭಾಗದ ಲೆಕ್ಕವೂ ಈ ನಾಲ್ಕು ತಾಳವೂ ಎಷ್ಟು ಹತ್ತಿರವಿವೆ ನೋಡಿ. ಆದರೆ ತಾಳದಿಂದ ಮಗುವಿನ ರೂಪ ಬಂದೀತೇ ಹೊರತು ನನ್ನ ಮಗಳ ರೂಪ ಬಾರದು. ನನಗೆ ಬೇಕಾಗಿದ್ದುದು ಎರಡನೆಯದು.

ಮೂರನೆಯ ಸುತ್ತು ಬೆಳಕಿನದು. ಅದೇ ಎಲ್ಲಕ್ಕಿಂತ ದೀರ್ಘವಾಯಿತು.

ಕೊಪ್ಪಳ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ನಾವಿರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೆಯ ವಾರದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿನ ಫೋಟೋದಲ್ಲಿ ಹುಬ್ಬಿನ ಕೆಳಗೆ ಕಣ್ಣುಗಳಿರುವುದಿಲ್ಲ, ಎರಡು ಕಪ್ಪು ಗುಳಿಗಳಿರುತ್ತವೆ. ನೆರಳಿನ ಅಂಚು ಚೂರಿಯಿಂದ ಕೊಯ್ದಂತಿರುತ್ತದೆ. ಸೂರ್ಯಬಿಂಬವು ಆಕಾಶದಲ್ಲಿ ಆಕ್ರಮಿಸುವ ಕೋನ ಅರ್ಧ ಡಿಗ್ರಿ ಮಾತ್ರ. ಮೂಗಿನ ನೆರಳು 2 ಸೆಂಟಿಮೀಟರ್ ದೂರದ ಕೆನ್ನೆಯ ಮೇಲೆ ಬಿದ್ದರೆ, ಕತ್ತಲೆಗೂ ಬೆಳಕಿಗೂ ನಡುವಣ ಅರೆನೆರಳಿನ ಅಗಲ ಕೇವಲ 0.2 ಮಿಲಿಮೀಟರ್. ಅದೇ ಮಗು ಒಂದು ಮೀಟರ್ ಅಗಲದ ಕಿಟಕಿಯಿಂದ ಒಂದೂವರೆ ಮೀಟರ್ ದೂರದಲ್ಲಿ ಕುಳಿತಿದೆ ಎನ್ನಿ. ಬಿಸಿಲು ನೇರವಾಗಿ ಬೀಳದ ಉತ್ತರದ ಕಿಟಕಿಯಾದರೆ ಇನ್ನೂ ಲೇಸು. ಈಗ ಅರೆನೆರಳಿನ ಅಗಲ 1.3 ಸೆಂಟಿಮೀಟರಿಗೆ ಏರುತ್ತದೆ. ಕೆನ್ನೆಯ ದುಂಡುತನವೆಂದು ನಾವು ಕರೆಯುವುದು ಈ ಅರೆನೆರಳನ್ನೇ, ಹಾಗೂ ಬೆಳಕಿನಿಂದ ಹೊರಳುವ ಚರ್ಮವು ಮೆಲ್ಲಮೆಲ್ಲನೆ ಮಂಕಾಗುವುದನ್ನೇ. ಕುಂಚದಲ್ಲಿ ನೀರು ಬೆರೆಸಿ ಎಳೆಯಬೇಕಾದುದೂ ಅದೇ.

ಫೋನಿನ ಮಿಂಚುದೀಪವು ಇದಕ್ಕಿಂತ ಕೆಟ್ಟದ್ದು. ದೀಪವೂ ಮಸೂರವೂ ಒಂದೇ ಕಡೆ ಇರುವುದರಿಂದ ಬಿದ್ದ ನೆರಳೆಲ್ಲ ವಸ್ತುವಿನ ಬೆನ್ನಿಗೆ ಮರೆಯಾಗಿ, ಮುಖವು ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ಚರ್ಮವನ್ನು ನುಣುಪುಗೊಳಿಸುವ ವ್ಯವಸ್ಥೆಯೊಂದು ಇಂದಿನ ಫೋನುಗಳಲ್ಲಿ ಇರುತ್ತದೆ. ಮಚ್ಚೆಯನ್ನೂ ಅದು ಕಳಂಕವೆಂದು ಬಗೆದು ಅಳಿಸಿಬಿಡಬಹುದು. ಅಂಥವನ್ನೆಲ್ಲ ಕಣ್ಣುಮುಚ್ಚಿ ಬಿಟ್ಟೆನು.

ಒಂದು ದೀಪದ ಬೆಳಕಿನಲ್ಲಿ ಏನೇನು ಸಾಧ್ಯವೆಂಬುದನ್ನು ನೋಡಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಬೇಕು. ಅಂಗೈಯನ್ನು ಮರೆಮಾಡಿ ದೀಪ ಹಿಡಿದು ನಿಂತ ಯುವತಿಯ ಆ ಚಿತ್ರ, 'ಗ್ಲೋ ಆಫ್ ಹೋಪ್', ರಾಜಾ ರವಿವರ್ಮನದೆಂದು ಎಷ್ಟೋ ಜನ ನಂಬಿದ್ದಾರೆ. ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್ (1882–1968); ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು ಗೀತಾ. ಜಲವರ್ಣದ ಈ ಚಿತ್ರಕ್ಕೆ ಅವಳು ಗಂಟೆಗಟ್ಟಲೆ ನಿಂತಿದ್ದಳಂತೆ. ಮುಂದೆ ಗೀತಾ ಉಪಳೇಕರ್ ಎಂದು ಹೆಸರಾದ ಆಕೆ 102 ವರ್ಷ ಬಾಳಿ 2018ರಲ್ಲಿ ಕೊಲ್ಹಾಪುರದಲ್ಲಿ ನಿಧನರಾದರು. ತಂದೆ ಮಗಳನ್ನು ಚಿತ್ರಿಸಿದ ನಿದರ್ಶನಗಳಲ್ಲಿ ನಮ್ಮ ನಾಡಿನಲ್ಲಿ ಇದಕ್ಕಿಂತ ಪ್ರಸಿದ್ಧವಾದುದು ಇನ್ನೊಂದಿಲ್ಲ.

ಆ ಚಿತ್ರದಲ್ಲಿ ಬೆರಳುಗಳು ಕೆಂಪಗೆ ಹೊಳೆಯುವುದನ್ನು ಗಮನಿಸಬೇಕು. ರಕ್ತದಲ್ಲಿರುವ ಹಿಮೋಗ್ಲೋಬಿನ್ ನೀಲಿ ಹಸಿರು ಬೆಳಕನ್ನು ಬಲವಾಗಿ ಹೀರಿಕೊಂಡು ಕೆಂಪನ್ನು ಹಾಯಗೊಡುತ್ತದೆ. ದೀಪದ ಮುಂದಣ ಕೈ ಕೆಂಪು ಗಾಜಿನಂತಾಗುತ್ತದೆ. ಇನ್ನು ದೀಪ ಗಲ್ಲದಿಂದ 15 ಸೆಂಟಿಮೀಟರ್, ಹಣೆಯಿಂದ 30 ಸೆಂಟಿಮೀಟರ್ ದೂರವಿದ್ದರೆ, ದೂರದ ವರ್ಗಕ್ಕೆ ವಿಲೋಮವಾಗಿ ಬೆಳಕು ಕುಗ್ಗುವ ನಿಯಮದಂತೆ ಹಣೆಗೆ ದೊರೆಯುವುದು ಗಲ್ಲಕ್ಕೆ ದೊರೆತುದರ ನಾಲ್ಕನೆಯ ಒಂದು ಭಾಗ. ಹಳದಣಕರರು ಈ ಸೂತ್ರವನ್ನು ಬರೆದಿಟ್ಟುಕೊಂಡಿರಲಾರರು. ಕಣ್ಣಿಟ್ಟು ನೋಡಿದರು, ಅಷ್ಟೆ. ನನ್ನ ಫೋಟೋಗಳಲ್ಲಿಯೂ ಒಂದರಲ್ಲಿ ಸಂಜೆಯ ಬಿಸಿಲು ಹಿಂದಿನಿಂದ ಬಿದ್ದು ಮಗಳ ಕಿವಿ ಮಾಣಿಕ್ಯದಂತೆ ಹೊಳೆಯುತ್ತಿದ್ದಿತು. ಬಹಳ ಆಸೆಯಾಯಿತು. ಆದರೆ ಮುಖವೆಲ್ಲ ಕತ್ತಲೆಯಲ್ಲಿ ಮುಳುಗಿದ್ದಿತು. ಬಿಳಿಯ ಕಾಗದ ಬಿದ್ದ ಬೆಳಕಿನಲ್ಲಿ ಶೇಕಡಾ 80ಕ್ಕಿಂತ ಹೆಚ್ಚನ್ನು ಮರಳಿಸಿದರೆ ಅತಿ ಕಪ್ಪಾದ ಬಣ್ಣವೂ ಮೂರು ನಾಲ್ಕನ್ನು ಮರಳಿಸುತ್ತದೆ. ಚಿತ್ರಕಾರನ ಕೈಯಲ್ಲಿರುವ ಬೆಳಕಿನ ಹರವು ಹೆಚ್ಚೆಂದರೆ 25ಕ್ಕೆ 1. ಹೊರಗಿನ ಪ್ರಪಂಚ ಅದಕ್ಕಿಂತ ಬಹಳ ಧಾರಾಳಿ. ಆ ಕಿವಿಗಾಗಿ ಮುಖವನ್ನು ಬಿಡಲಾಗಲಿಲ್ಲ.

ಕೂದಲಿನ ಬಗ್ಗೆ ಒಂದು ಮಾತು. ಕೂದಲನ್ನು ಹಸನುಮಾಡಿ ಹೊರದೇಶಗಳಿಗೆ ಕಳುಹಿಸುವ ಉದ್ಯಮ ನಮ್ಮ ಊರಿನಲ್ಲಿ ಬೆಳೆದಿರುವುದರಿಂದ, ಕಪ್ಪು ಕೂದಲೆಂಬುದು ಒಂದೇ ಬಣ್ಣವಲ್ಲವೆಂದು ಇಲ್ಲಿನವರಿಗೆ ಬೇರೆ ಹೇಳಬೇಕಾಗಿಲ್ಲ. ಎಳೆಯ ನುಣುಪಾದ ಮೈಯಿಂದ ಪ್ರತಿಫಲಿಸುವ ಬೆಳಕು ಬಂದ ಬಣ್ಣದ್ದೇ ಆಗಿರುತ್ತದೆ; ತೆರೆದ ಆಕಾಶದ ಕೆಳಗೆ ಕಪ್ಪು ಕೂದಲಿನ ಹೊಳಪು ನೀಲಿ. ಫೋಟೋದಲ್ಲಿ ಕೂದಲು ಬರಿಯ ಮಸಿಯ ಮುದ್ದೆಯಾಗಿದ್ದರೆ ಅದನ್ನು ನೋಡಿ ಬರೆಯುವುದರಲ್ಲಿ ಫಲವಿಲ್ಲ.

ಕೊನೆಗೆ ಹನ್ನೊಂದು ಉಳಿದುವು. ಅವುಗಳಲ್ಲಿ ನಾಲ್ಕು ಮಸುಕು. ಮಂದಬೆಳಕಿನಲ್ಲಿ ಸೆಕೆಂಡಿನ ಮೂವತ್ತನೆಯ ಒಂದು ಭಾಗ ತೆರೆದ ಕ್ಯಾಮೆರಾದ ಮುಂದೆ, ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ತಲೆ ಹೊರಳಿಸಿದ ಮಗು 7 ಮಿಲಿಮೀಟರ್ ಜರುಗಿರುತ್ತದೆ. ಮೂರರಲ್ಲಿ "ನಗು, ನಗು" ಎಂದು ಹೇಳಿಸಿಕೊಂಡು ನಕ್ಕ ನಗು. ಫ್ರಾನ್ಸಿನ ವೈದ್ಯ ದ್ಯುಶೆನ್ 1862ರಲ್ಲಿಯೇ ಛಾಯಾಚಿತ್ರಗಳ ಸಹಿತ ತೋರಿಸಿಕೊಟ್ಟಂತೆ, ತುಟಿಯ ಸ್ನಾಯು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಣ ಸ್ನಾಯು ಸುಲಭವಾಗಿ ಕೇಳುವುದಿಲ್ಲ. ಬಾಯಿ ನಕ್ಕು ಕಣ್ಣು ಸುಮ್ಮನಿದ್ದ ಆ ಮೂರೂ ಹೋದುವು. ಉಳಿದ ನಾಲ್ಕರಲ್ಲಿ ಒಂದನ್ನು ಅವ್ವನೇ ಆರಿಸಿದಳು: ಪಡಸಾಲೆಯ ಕಿಟಕಿಯ ಪಕ್ಕದಲ್ಲಿ ಮಗಳು ನಗದೆ, ಬಾಯಿ ಸ್ವಲ್ಪ ತೆರೆದು, ಬಿದ್ದ ಹಲ್ಲಿನ ಸಂದಿಗೆ ನಾಲಗೆ ಕೊಟ್ಟು ಕುಳಿತಿದ್ದ ಫೋಟೋ. ನಾನಾಗಿದ್ದರೆ ಅದನ್ನು ಆರಿಸುತ್ತಿರಲಿಲ್ಲ. "ನಿಮ್ಮಕ್ಕನೂ ಹಿಂಗಾ ಕುಂದರ್ತಿದ್ಲು" ಎಂದಳು.

ನನಗೆ ಒಬ್ಬ ಅಕ್ಕನಿದ್ದಳು. ನಾನು ಇನ್ನೂ ಮಾತು ಕಲಿಯುತ್ತಿದ್ದಾಗ, ತನ್ನ ಏಳನೆಯ ವಯಸ್ಸಿನಲ್ಲಿ, ಜ್ವರದಿಂದ ತೀರಿಕೊಂಡಳು. ಅವಳ ಫೋಟೋ ಇರುವುದು ಒಂದೇ. 1990ರ ಗವಿಮಠದ ಜಾತ್ರೆಯಲ್ಲಿ ಮನೆಮಂದಿಯೆಲ್ಲ ನಿಂತು ತೆಗೆಸಿಕೊಂಡದ್ದು. ಆರಂಗುಲದ ಆ ಕಾಗದದಲ್ಲಿ ಅವಳ ಮುಖದ ಎತ್ತರ 5 ಮಿಲಿಮೀಟರ್, ಒಂದು ಹುಣಿಸೆಬೀಜಕ್ಕಿಂತಲೂ ಕಿರಿದು. ಮೊಮ್ಮಗಳ ಚಿತ್ರ ಮುಗಿದ ಮೇಲೆ ಅವ್ವ ಆ ಫೋಟೋವನ್ನು ತಂದು ನನ್ನ ಮುಂದಿಟ್ಟಳು. ಮೊದಲಿನಿಂದಲೂ ಅವಳ ಮನಸ್ಸಿನಲ್ಲಿದ್ದುದು ಇದೇ ಎಂಬುದು ನನಗೆ ಆಗ ತಿಳಿಯಿತು.

ಇಲ್ಲಿ ಆರಿಸುವ ಪ್ರಶ್ನೆಯೇ ಇಲ್ಲ; ಲೆಕ್ಕ ಮಾತ್ರ ಇದೆ. ಆ ಕಾಗದದಲ್ಲಿ ಬಿಡಿಯಾಗಿ ಕಾಣುವ ಅತಿ ಸಣ್ಣ ಚುಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಭಾಗವೆಂದು ಹಿಡಿದರೆ, ಮುಖದ ಎತ್ತರಕ್ಕೆ 50 ಚುಕ್ಕೆಗಳು. ಒಂದು ಕಣ್ಣಿನ ಅಗಲಕ್ಕೆ ಎಂಟು. ಎಷ್ಟು ದೊಡ್ಡದು ಮಾಡಿದರೂ ಎಂಟು ಚುಕ್ಕೆ ಎಂಟೇ. ಚುಕ್ಕೆಗಳು ದೊಡ್ಡವಾಗುತ್ತವೆ, ಹೆಚ್ಚಾಗುವುದಿಲ್ಲ. ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವ ಸಾಧನಗಳು ಇಂದು ಫೋನಿನಲ್ಲಿಯೇ ದೊರೆಯುತ್ತವೆ. ಒಂದು ರಾತ್ರಿ ನಾನೂ ಪ್ರಯೋಗಿಸಿದೆನು. ಕ್ಷಣಮಾತ್ರದಲ್ಲಿ ತೆರೆಯ ಮೇಲೆ ರೆಪ್ಪೆಯ ಕೂದಲು ಸಹಿತವಾದ ಒಬ್ಬ ಹುಡುಗಿ ಮೂಡಿ ನನ್ನನ್ನು ನೋಡಿದಳು. ಆದರೆ ಆ ರೆಪ್ಪೆಗಳು ಎಲ್ಲಿಂದ ಬಂದುವು? ಅಂತಹ ಯಂತ್ರವು ಅಸಂಖ್ಯಾತ ಬೇರೆ ಮುಖಗಳಿಂದ ಪಾಠ ಕಲಿತು, ಎಂಟು ಚುಕ್ಕೆಗಳ ನಡುವಣ ಬರಿದಾದ ಜಾಗದಲ್ಲಿ ಬಹುಶಃ ಇರಬಹುದಾದುದನ್ನು ತುಂಬುತ್ತದೆ. ತುಂಬಿದ್ದು ಸಂಭವನೀಯ, ಅಕ್ಕನದಲ್ಲ. ಮೂವತ್ತೈದು ವರ್ಷ ಕಳೆದ ಮೇಲೆ ಅವ್ವನ ನೆನಪಿನಲ್ಲಿಯೂ ಆ ಮುಖ ಗಟ್ಟಿಯಾಗಿ ನಿಂತಿರಲಾರದು. ಇದನ್ನು ತೋರಿಸಿದರೆ ಅವಳು ಒಪ್ಪಿಬಿಡಬಹುದು, ಆಮೇಲೆ ಅವಳ ನೆನಪಿನಲ್ಲಿ ಉಳಿಯುವುದು ಈ ಹೊಸ ಹುಡುಗಿಯೇ. ನಾನು ಅದನ್ನು ಅವ್ವನಿಗೆ ತೋರಿಸಲಿಲ್ಲ.

ಫೋಟೋ ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನೇ ಬರೆಯುವುದೆಂದು ನಿಶ್ಚಯಿಸಿದೆನು. ನಾಲ್ಕು ಪಟ್ಟು ಹಿಗ್ಗಿಸಿ ಮುಖವನ್ನು 2 ಸೆಂಟಿಮೀಟರ್ ಮಾಡಿದೆನು. ಕೈಯಲ್ಲಿ ಹಿಡಿದ ಫೋಟೋವನ್ನು ನಾವು 25 ಸೆಂಟಿಮೀಟರ್ ದೂರದಲ್ಲಿ ನೋಡುತ್ತೇವೆ; ನಾಲ್ಕು ಪಟ್ಟಾದ ಚಿತ್ರವನ್ನು ಒಂದು ಮೀಟರ್ ದೂರದಲ್ಲಿಟ್ಟರೆ ಕಣ್ಣಿನಲ್ಲಿ ಅದೇ ಕೋನ ಬೀಳುತ್ತದೆ, ಇಲ್ಲದ ವಿವರವನ್ನು ಕಣ್ಣು ಕೇಳುವುದೂ ಇಲ್ಲ. ಕಣ್ಣುಗಳು ಎರಡು ಕಂದು ಸ್ಪರ್ಶಗಳು. ತುಟಿ ಒಂದು ಎಳೆ. ತಲೆ ಎಡಕ್ಕೆ ವಾಲಿದ ರೀತಿ, ಭುಜದ ಇಳಿಜಾರು, ಒಂದು ಜಡೆ ಮುಂದೆ ಒಂದು ಹಿಂದೆ, ಇವು ಫೋಟೋದಲ್ಲಿ ಸ್ಪಷ್ಟವಾಗಿಯೇ ಇದ್ದುವು.

ಬಣ್ಣ ಮಾತ್ರ ಇರಲಿಲ್ಲ. ಆ ಕಾಲದ ವರ್ಣಚಿತ್ರದ ಕಾಗದದಲ್ಲಿ ಹಳದಿ, ಕೆನ್ನೇರಳೆ, ಹಸಿರುನೀಲಿ ಎಂಬ ಮೂರು ವರ್ಣದ್ರವ್ಯಗಳ ಪದರಗಳಿರುತ್ತಿದ್ದುವು. ಕತ್ತಲೆಯ ಪೆಟ್ಟಿಗೆಯಲ್ಲಿಟ್ಟರೂ ವರ್ಷಗಳುರುಳಿದಂತೆ ಹಸಿರುನೀಲಿ ಮೊದಲು ಮಾಸುವುದು ಸಾಮಾನ್ಯವಾಗಿದ್ದಿತು. ಉಳಿದೆರಡು ಸೇರಿ ಚಿತ್ರವೆಲ್ಲ ಕೆಂಪಗಾಗುತ್ತದೆ. ಜಾತ್ರೆಯ ಆ ಫೋಟೋದಲ್ಲಿ ತೇರಿನ ಬಯಲೂ, ಜನರೂ, ಅಕ್ಕನ ಲಂಗವೂ ಒಂದೇ ಇಟ್ಟಿಗೆಯ ಬಣ್ಣ. ನಾನು ಅದನ್ನೇ ಬಳಿಯಲಿದ್ದೆನು.

"ಲಂಗ ಗಿಳಿಹಸರ ಇತ್ತೋ ತಮ್ಮಾ" ಎಂದಳು ಅವ್ವ, ಪಕ್ಕದಲ್ಲಿ ಕುಳಿತು ನೋಡುತ್ತಿದ್ದವಳು. "ನಾನಾ ಹೊಲದಿದ್ದೆ. ಅಂಚು ಕೆಂಪು, ಎರಡು ಬೆಟ್ಟಿನಷ್ಟು."

ನಾನು ಕುಂಚವನ್ನು ತೊಳೆದು ಹಸಿರನ್ನು ಕಲಸಿದೆನು.